ಎಷ್ಟು ಇಂಚು?

ಎತ್ತರದ ಮೇಲಿನ ಮೋಹ ನಮ್ಮ ಸೀಮೆಯವರಿಗೆ ಹೊಸದಲ್ಲ. ಕಾರ್ಕಳದಲ್ಲಿ ವೀರಪಾಂಡ್ಯನು 1432ರಲ್ಲಿ ಬಂಡೆಗುಡ್ಡದ ಮೇಲೆ 42 ಅಡಿಯ ಗೊಮ್ಮಟನನ್ನು ನಿಲ್ಲಿಸಿದ. ಕಾಪುವಿನ ಕಡಲಬಂಡೆಯ ಮೇಲೆ 1901ರಲ್ಲಿ ದೀಪಸ್ತಂಭ ಎದ್ದಿತು. ಮಣಿಪಾಲದವರಂತೂ ಗುಡ್ಡವನ್ನೇ ಏರಿ ಕುಳಿತು ಉಡುಪಿಯನ್ನು ಕೆಳಗಣ್ಣಿನಿಂದ ನೋಡುತ್ತಾರೆ. ಹೀಗಿರುವಾಗ, ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುವ ನನ್ನ ಸೋದರಳಿಯನಿಗೆ ನನ್ನ ಪಿಕಪ್ ಗಾಡಿಯನ್ನು ನಾಲ್ಕು ಇಂಚು ಎತ್ತರಿಸುವ ಬಯಕೆ ಹುಟ್ಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಗಾಡಿ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್. ಮುಂದೆ ಐದು ಜನರಿಗೆ ಆಸನ, ಹಿಂದೆ ಸಾಮಾನಿಗೆ ತೆರೆದ ತೊಟ್ಟಿ, ಬೇಕೆಂದಾಗ ನಾಲ್ಕು ಚಕ್ರಕ್ಕೂ ಎಳೆತ. ಬೇರೊಬ್ಬರು ನಾಲ್ಕು ವರ್ಷ ದುಡಿಸಿಕೊಂಡ ಮೇಲೆ ನನ್ನ ಪಾಲಿಗೆ ಬಂದದ್ದು. ನಮ್ಮ ಮನೆ ಕಾಪುವಿನಲ್ಲಿ. ಅಡಿಕೆ ತೋಟ ಕಾರ್ಕಳದಿಂದಾಚೆ, ಘಟ್ಟದ ಮಗ್ಗುಲಲ್ಲಿ. ತೋಟದ ಮೂಲೆಯಲ್ಲಿ ನಾಗಬನ. ಟಾರು ರಸ್ತೆ ಬಿಟ್ಟು ತೋಟಕ್ಕೆ ಇಳಿಯುವ ದಾರಿ ಬರಿಯ ಮುರಕಲ್ಲು. ಇದ್ದ ಮಣ್ಣನ್ನು ಮಳೆಗಾಲಗಳು ಒಂದೊಂದಾಗಿ ಕೊಚ್ಚಿಕೊಂಡು ಹೋಗಿವೆ. ಆಟೋದವರು ಟಾರಿನ ಅಂಚಿನಲ್ಲಿಯೇ ನಿಲ್ಲಿಸಿ, "ಇನ್ನು ನಡೆದು ಹೋಗಿ ಮಾರಾಯ್ರೇ" ಎಂದು ಕೈಮುಗಿಯುತ್ತಾರೆ. 78 ವರ್ಷದ ನನ್ನ ಅಮ್ಮನಿಗೆ ಅಷ್ಟು ದೂರ ನಡೆಯಲಾಗದು. ನಾಗನಿಗೆ ತನು ಎರೆಯದೆ ಇರಲೂ ಆಗದು. ಆದುದರಿಂದ ಈ ಗಾಡಿ.

ಆ ದಾರಿಯ ತಿರುವಿನಲ್ಲಿ ಒಂದು ದಿಬ್ಬವುಂಟು. ಅದನ್ನು ದಾಟುವಾಗ ಗಾಡಿಯ ಹೊಟ್ಟೆಯಡಿ ಕರಕರ ಸದ್ದು ಕೇಳುತ್ತದೆ. ಅಮ್ಮ ಕಣ್ಣು ಮುಚ್ಚಿ ದೇವರ ನಾಮ ಹಿಡಿಯುತ್ತಾಳೆ. ಅಳಿಯನ ನಾಲ್ಕು ಇಂಚಿಗೆ ಇದೇ ಆಧಾರ.

ಗಾಡಿ ಎತ್ತರಿಸುವುದೆಂದರೇನೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏರುವುದು ಸ್ಪ್ರಿಂಗಿನ ಮೇಲೆ ಕುಳಿತ ಒಡಲು ಮಾತ್ರ. ಹಿಂದಿನ ಅಚ್ಚು, ಅದರ ನಡುವೆ ಜೋತ ಡಿಫರೆನ್ಶಿಯಲಿನ ಗುಂಡು, ಇವು ಚಕ್ರದೊಂದಿಗೆ ಇದ್ದಲ್ಲಿಯೇ ಇರುತ್ತವೆ. ಅವನ್ನು ಎತ್ತಬೇಕಾದರೆ ದೊಡ್ಡ ಟೈರೇ ಗತಿ. ಅದರಲ್ಲಿಯೂ ಟೈರಿನ ವ್ಯಾಸ ಒಂದು ಇಂಚು ಹೆಚ್ಚಿದರೆ ಅಚ್ಚು ಏರುವುದು ಅರ್ಧ ಇಂಚು. ಹಾಗಾಗಿ ಚಕ್ರದ ಎರಡು ಜಾಡುಗಳ ನಡುವೆ ಉದ್ದಕ್ಕೆ ಮಲಗಿದ ದಿಬ್ಬವಾದರೆ, ಸ್ಪ್ರಿಂಗು ಎಷ್ಟು ಏರಿಸಿದರೂ ಆ ಗುಂಡು ತಾಗಿಯೇ ತಾಗುತ್ತದೆ. ದಾರಿಗೆ ಅಡ್ಡ ಬಿದ್ದ ದಿಬ್ಬದ ಮಾತು ಬೇರೆ. ಅಲ್ಲಿ ಮುಂದಿನ ಚಕ್ರ ಆಚೆ ಇಳಿದು, ಹಿಂದಿನದು ಈಚೆ ಉಳಿದು, ನಡುವಿನ ಹೊಟ್ಟೆ ನೆಲಕ್ಕೆ ಕೂರುತ್ತದೆ. ಸ್ಪ್ರಿಂಗು ಎತ್ತರಿಸಿದ್ದು ಉಪಯೋಗಕ್ಕೆ ಬರುವುದು ಇಲ್ಲಿ.

ನಮ್ಮದು ಯಾವ ಜಾತಿಯ ದಿಬ್ಬ? ಅಡಿಯಿಂದ ಗಾಡಿಗೆಲ್ಲ ಸುಣ್ಣ ಬಳಿದು, ಒಣಗಿಸಿ, ಅದೇ ದಾರಿಯಲ್ಲಿ ಇಳಿಸಿದೆವು. ಆಮೇಲೆ ಅಳಿಯ ಚಾಪೆ ಹಾಸಿ ಕೆಳಗೆ ನುಸುಳಿ ನೋಡಿದ. ಗುಂಡಿನ ಮೇಲಣ ಸುಣ್ಣ ಹಾಗೆಯೇ ಇತ್ತು. ಅಳಿಸಿಹೋದದ್ದು ಎರಡು ಬದಿಯ ಫುಟ್‌ಬೋರ್ಡಿನ ಅಡಿಯದು. ಮುರಕಲ್ಲಿನಲ್ಲಿ ಅದು ಕೊರೆದ ಗೀರಿಗೆ ಕಡ್ಡಿ ಇಳಿಸಿ ಅಳೆದೆವು: ಮುಕ್ಕಾಲು ಇಂಚು.

"ಹಾಗಾದರೆ ಫುಟ್‌ಬೋರ್ಡನ್ನೇ ಕಳಚಿಬಿಡುವ ಮಾವ" ಎಂದ ಅಳಿಯ. ಲೆಕ್ಕ ಸರಿ. ಆದರೆ ಆ ಹಲಗೆ ಇಲ್ಲದಿದ್ದರೆ ಅಮ್ಮ ಗಾಡಿ ಹತ್ತುವಂತಿಲ್ಲ. ಅಮ್ಮ ಹತ್ತದಿದ್ದರೆ ಆ ದಾರಿಯಲ್ಲಿ ಇಳಿಯುವ ಅವಸರವೇ ನಮಗಿಲ್ಲ, ಅಡಿಕೆ ಮೂಟೆ ಆಳುಗಳ ತಲೆಯ ಮೇಲೆ ಟಾರಿಗೆ ಬಂದೀತು. ಸರಿ, ಗಾಡಿ ಏರಿದರೆ ಹಲಗೆಯೂ ಏರುತ್ತದಷ್ಟೆ; ಎಷ್ಟು ಏರಿದರೆ ಅಮ್ಮನ ಮೊಣಕಾಲು ಒಪ್ಪೀತು? ಅಂಗಳದಲ್ಲಿ ನಾಲ್ಕು ಚಕ್ರದಡಿಗೂ ಒಂದೊಂದು ಇಂಚಿನ ಹಲಗೆ ಕೊಟ್ಟು ಅಮ್ಮನನ್ನು ಹತ್ತಿಸಿದೆವು. ಹತ್ತಿದಳು. ಎರಡು ಹಲಗೆಗೆ ಮೊಮ್ಮಗನ ಹೆಗಲು ಬೇಕಾಯಿತು. ಮೂರನೆಯದನ್ನು ತಂದದ್ದು ನೋಡಿ, "ಇನ್ನು ನನ್ನನ್ನು ಹಿಂದೆ ಮೂಟೆಗಳ ಜೊತೆ ಹಾಕಿ" ಎಂದು ಜಗಲಿಯಲ್ಲಿ ಕುಳಿತುಬಿಟ್ಟಳು. ನಾಲ್ಕರ ಪ್ರಸ್ತಾಪ ಅಲ್ಲಿಗೆ ಬಿತ್ತು.

ಎರಡು ಇಂಚಾದರೂ ಇರಲೆಂದು ಅಳಿಯನ ವಾದ. ಎತ್ತರಿಸುವವರಲ್ಲಿ ಎರಡು ಇಂಚನ್ನು ಮಿತವೆಂದೇ ಎಣಿಸುವ ರೂಢಿ. ಅದನ್ನು ದಾಟಿದರೆ ಮುಂದಿನ ಚಕ್ರಕ್ಕೆ ಹೋಗುವ ಅಚ್ಚುಗಳು ಓರೆಯಾಗಿ ಕೀಲು ಬೇಗ ಸವೆಯುತ್ತದೆ, ಮೇಲಿನ ತೋಳು ತನ್ನ ಮಿತಿಗೆ ಬಂದು ನಿಲ್ಲುತ್ತದೆ. ಮಾಡುವ ವಿಧಾನಗಳೂ ಹಲವು. ಮುಂದಿನ ಸ್ಪ್ರಿಂಗಿನ ತಲೆಯ ಮೇಲೆ ಸ್ಪೇಸರ್ ಎಂಬ ಬಿಲ್ಲೆ ಕೂರಿಸುವುದು ಅಗ್ಗ. ಉದ್ದದ ಸ್ಪ್ರಿಂಗು ಹಾಕುವುದು ತುಟ್ಟಿ. ಹಿಂದೆ ಒಂದು ಪ್ಲೇಟು ಹೆಚ್ಚಿಗೆ ಸೇರಿಸಬಹುದು. ಮೂಟೆ ಇದ್ದಾಗ ಸುಖ, ಖಾಲಿ ಇದ್ದಾಗ ಸೊಂಟಕ್ಕೆ ಕೇಡು. ಶ್ಯಾಕಲ್ ಎರಡು ಇಂಚು ಉದ್ದ ಮಾಡಿದರೆ ಗಾಡಿ ಏರುವುದು ಒಂದೇ ಇಂಚು, ಏಕೆಂದರೆ ಅದು ಎತ್ತುವುದು ಪ್ಲೇಟಿನ ಒಂದು ತುದಿಯನ್ನು ಮಾತ್ರ. ಯಾವುದು ಮಾಡಿದರೂ ಚಕ್ರದ ಅಲೈನ್‌ಮೆಂಟು ಹೊಸದಾಗಿ ಆಗಬೇಕು, ದೀಪದ ಮುಖ ತಗ್ಗಿಸಬೇಕು. ಭಾರ ಮೇಲೇರಿದಷ್ಟೂ ತಿರುವಿನಲ್ಲಿ ಓಲಾಟ ಹೆಚ್ಚು. ಉಡುಪಿಯ ರಥ ಎತ್ತರವಿದ್ದೂ ಕ್ಷೇಮವಾಗಿರುವುದು ರಥಬೀದಿಯಲ್ಲಿ ನಡಿಗೆಯ ವೇಗದಲ್ಲಿ ಸಾಗುವುದರಿಂದ. ನನ್ನ ಗಾಡಿ ಮಣಿಪಾಲದ ಇಳಿಜಾರಿನಲ್ಲಿ ಬಸ್ಸುಗಳ ನಡುವೆ ಇಳಿಯಬೇಕು.

ಇನ್ನು ಕಾಯಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರ ಮೂಲ ವಿವರಕ್ಕೆ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸಕೂಡದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಮೊಕದ್ದಮೆಯೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಬದಲಾವಣೆಯೊಂದಕ್ಕೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ. ಇಂಥಿಷ್ಟು ಇಂಚಿನವರೆಗೆ ಮಾಫಿ ಎಂದು ಅದರಲ್ಲಿ ಬರೆದಿಲ್ಲ. ಅಳಿಯ ಇದನ್ನು ಓದಿ, "ಯಾರೂ ಅಳೆಯುವುದಿಲ್ಲ ಮಾವ" ಎಂದ. ಅಪಘಾತವಾದ ಮರುದಿನ ವಿಮೆಯವರು ಅಳೆಯುತ್ತಾರೆಂದು ನನ್ನ ನಂಬಿಕೆ. ಅಮ್ಮನನ್ನು ಕೂರಿಸಿಕೊಂಡು ಹೋಗುವ ಗಾಡಿಯ ವಿಷಯದಲ್ಲಿ ಆ ಜೂಜು ನನಗೆ ಬೇಡವಾಗಿತ್ತು.

ದಾರಿ ತೋರಿಸಿದವರು ಹೆದ್ದಾರಿಯ ಬದಿಯ ಗ್ಯಾರೇಜಿನವರು. "ಎತ್ತುವುದು ಆಮೇಲೆ ರಾಯರೇ. ಇದು ಎಷ್ಟು ಕುಸಿದಿದೆ ಅಂತ ಮೊದಲು ನೋಡುವ" ಎಂದರು. ನೆಲದಿಂದ ಅಳೆಯಲಿಲ್ಲ, ಟೈರಿನ ಗಾಳಿ ಹೆಚ್ಚುಕಡಿಮೆಯಾದರೆ ಆ ಲೆಕ್ಕ ಕೆಡುತ್ತದಂತೆ. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗೆ ಟೇಪು ಹಿಡಿದರು. ಅಲ್ಲಿಯೇ ನಿಂತಿದ್ದ, ಹೆಚ್ಚು ಓಡದ ಅದೇ ಮಾದರಿಯ ಇನ್ನೊಂದು ಗಾಡಿಗೂ ಹಿಡಿದರು. ನನ್ನದು ಮುಂದೆ ಮುಕ್ಕಾಲು ಇಂಚು, ಹಿಂದೆ ಒಂದೂಕಾಲು ಇಂಚು ತಗ್ಗಿತ್ತು. ಹಿಂದಿನ ಧಣಿಗಳು ಏನು ಹೇರಿದ್ದರೋ! ಕಂಪೆನಿಯ ಕಾಗದದಲ್ಲಿ ನೆಲಕ್ಕೂ ಗಾಡಿಗೂ ನಡುವೆ 225 ಮಿಲಿಮೀಟರು ಎಂದಿದ್ದುದರಲ್ಲಿ ನನ್ನ ಹೊಟ್ಟೆಯಡಿಗೆ ಸುಮಾರು ಒಂದು ಇಂಚು ಖೋತಾ ಆಗಿತ್ತು. ದಿಬ್ಬ ಕೇಳುತ್ತಿದ್ದುದು ಮುಕ್ಕಾಲು.

ಮೂಲ ಅಳತೆಯವೇ ಹೊಸ ಸ್ಪ್ರಿಂಗು, ಹೊಸ ಪ್ಲೇಟು ಸೆಟ್ಟು, ಬುಷ್ಷುಗಳು, ಎಣ್ಣೆ ಸೋರುತ್ತಿದ್ದ ಎರಡು ಶಾಕ್‌ಅಬ್ಸಾರ್ಬರು, ಇಷ್ಟನ್ನು ಹಾಕಿಸಿದೆ. ಬೆಲೆ ಸ್ಪೇಸರ್ ಬಿಲ್ಲೆಗಿಂತ ಬಹಳ ಹೆಚ್ಚು. ಆ ಅಂಕಿಯನ್ನು ಮನೆಯಲ್ಲಿಯೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಅಮ್ಮ, ನಾಲ್ಕು ಮೂಟೆ, ಅಳಿಯ, ನಾನು, ಎಲ್ಲರೂ ಕುಳಿತು ದಿಬ್ಬ ದಾಟಿದೆವು. ಸದ್ದಿಲ್ಲ. ಇಳಿದು ನೋಡಿದರೆ ಫುಟ್‌ಬೋರ್ಡಿಗೂ ಕಲ್ಲಿಗೂ ನಡುವೆ ಬೆರಳು ತೂರುವಷ್ಟೇ ಜಾಗ. ಅದು ಸಾಲದೆಂದು ಮುಂದಿನ ಭಾನುವಾರ ಅಳಿಯ ಪಿಕ್ಕಾಸು ಹಿಡಿದು ದಿಬ್ಬದ ನೆತ್ತಿಯನ್ನೇ ಎರಡು ಇಂಚು ಕೆತ್ತಿ ಹಾಕಿದ. ಹೊಸ ಪ್ಲೇಟುಗಳಿಗೆ ಕಾಪುವಿನ ಉಪ್ಪುಗಾಳಿ ಹಿಡಿಯದಂತೆ ಮಳೆಗೆ ಮೊದಲೇ ಗ್ರೀಸು ಬಳಿಸಬೇಕೆಂದು ಗ್ಯಾರೇಜಿನವರು ಹೇಳಿ ಕಳಿಸಿದ್ದಾರೆ. ಆ ಕೆಲಸವನ್ನೂ ಅವನಿಗೇ ವಹಿಸಿದ್ದೇನೆ.