ಪ್ಲಗ್ ಹುಡುಕುವ ಶೂರ

ಹೋದ ವರ್ಷ ದೀಪಾವಳಿ ಕಳೆದ ಮೂರನೇ ದಿನ, ಬೆಳಗ್ಗೆ ಹಾಲು ತರಲು ಹೋದವನು ಬೂತಿನ ಮುಂದೆಯೇ ಧೊಪ್ಪನೆ ಬಿದ್ದೆ. ಕಣ್ಣು ಬಿಟ್ಟಾಗ ಸುತ್ತ ಹತ್ತು ಜನ. ಒಬ್ಬರು ಮುಖಕ್ಕೆ ನೀರು ಚಿಮುಕಿಸುತ್ತಿದ್ದರು, ಇನ್ನೊಬ್ಬರು "ಶುಗರ್ ಇರಬೇಕು" ಎನ್ನುತ್ತಿದ್ದರು. ಶುಗರೂ ಅಲ್ಲ, ಬಿ.ಪಿ.ಯೂ ಅಲ್ಲ. ನಿಮಿಷಕ್ಕೆ 70 ಸಲ ಬಡಿಯಬೇಕಾದ ಹೃದಯ 38 ಸಲ ಬಡಿಯುತ್ತಿತ್ತು. ನಡುನಡುವೆ ಮೂರು ನಾಲ್ಕು ಸೆಕೆಂಡು ಸುಮ್ಮನೆ ನಿಂತೂ ಬಿಡುತ್ತಿತ್ತಂತೆ. ಮಧ್ಯಾಹ್ನ ಊಟಕ್ಕೆ ಕೌಂಟರ್ ಮುಚ್ಚಿ ಹೋಗುವ ಗುಮಾಸ್ತರ ಹಾಗೆ! ಮೂವತ್ತೆಂಟು ವರ್ಷ ನಾನೂ ಅದೇ ಕೆಲಸ ಮಾಡಿದವನು, ಹಾಗಾಗಿ ಬೈಯುವ ಹಕ್ಕಿಲ್ಲ.

"ಪೇಸ್‌ಮೇಕರ್ ಹಾಕಿಬಿಡೋಣ" ಎಂದರು ಡಾಕ್ಟರು. ನನ್ನಾಕೆ ದೇವರ ಹೆಸರು ಹೇಳಿಕೊಳ್ಳಲು ಶುರು ಮಾಡಿದಳು. ಎಂಟನೇ ಕ್ಲಾಸಿನ ಮೊಮ್ಮಗಳು ಮಾತ್ರ ಕಣ್ಣರಳಿಸಿ, "ತಾತ, ನೀನು ಐರನ್ ಮ್ಯಾನ್ ಆಗ್ತೀಯಾ!" ಎಂದಳು. "ಹೊತ್ತು ಗೊತ್ತು ಇಲ್ವಾ ನಿಂಗೆ?" ಎಂದು ಅಜ್ಜಿಯಿಂದ ಬೈಸಿಕೊಂಡಳು. ನನಗೆ ನಗು ಬಂತು. ಆ ಐರನ್ ಮ್ಯಾನ್ ಅವಳಿಗಿಂತ ಮೊದಲು ನನ್ನ ಗೆಳೆಯ. ಪರಿಚಯವಾಗಿ ಐವತ್ತು ವರ್ಷ ಆಯಿತು.

ನಮ್ಮಪ್ಪ ಅರಸೀಕೆರೆ ಜಂಕ್ಷನ್ನಿನಲ್ಲಿ ಬುಕಿಂಗ್ ಕ್ಲರ್ಕ್ ಆಗಿದ್ದರು. ನನಗೆ ಹದಿಮೂರು ವರ್ಷವಾದಾಗ, 1964ರಲ್ಲಿ, ಇಂದ್ರಜಾಲ ಕಾಮಿಕ್ಸ್ ಶುರುವಾಯಿತು. ಪ್ಲಾಟ್‌ಫಾರ್ಮಿನ ಪುಸ್ತಕದಂಗಡಿಯವರು ಅಪ್ಪನ ಮುಖ ನೋಡಿ, ಅಲ್ಲಿಯೇ ನಿಂತು ಓದಿ ವಾಪಸ್ಸು ಕೊಡುವುದಾದರೆ ಕೊಡುತ್ತೇನೆ ಎಂದಿದ್ದರು. ಮೊದಲು ಫ್ಯಾಂಟಮ್, ಆಮೇಲೆ ಮ್ಯಾಂಡ್ರೇಕ್. ಫ್ಯಾಂಟಮ್‌ಗೆ ಕುದುರೆ, ತೋಳ, ತಲೆಬುರುಡೆಯ ಉಂಗುರ. ಮ್ಯಾಂಡ್ರೇಕ್ ಬೆರಳಾಡಿಸಿದರೆ ಎದುರಾಳಿಯ ಕೈಯಲ್ಲಿದ್ದ ಪಿಸ್ತೂಲು ಹಾವಾಗಿ ಕಾಣುತ್ತಿತ್ತು. ಓದುವಾಗ ಖುಷಿಯೋ ಖುಷಿ. ಆದರೆ ಮನೆಗೆ ಬಂದು ನಾನು ಎಷ್ಟು ಬೆರಳಾಡಿಸಿದರೂ ಗಣಿತದ ಮೇಷ್ಟ್ರ ಕೈಯ ಬೆತ್ತ ಬೆತ್ತವಾಗಿಯೇ ಇರುತ್ತಿತ್ತು. ಅಪ್ಪ ಇವನ್ನು "ಬೊಂಬೆ ಪುಸ್ತಕ" ಎನ್ನುತ್ತಿದ್ದರು. ಒಂದು ಸಲ ಕೊಂಡು ತಂದದ್ದನ್ನು ನೀರೊಲೆಗೂ ಹಾಕಿದ್ದರು.

ಬಿ.ಕಾಂ. ಮುಗಿಸಿ 1973ರಲ್ಲಿ ಬ್ಯಾಂಕಿಗೆ ಸೇರಿದೆ. ಎರಡು ವರ್ಷಕ್ಕೆ ಬೆಂಗಳೂರಿಗೆ ವರ್ಗವಾಯಿತು. ಶನಿವಾರ ಅರ್ಧ ದಿನ ಕೆಲಸ. ಅದು ಮುಗಿದರೆ ನಾನು ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಗಳ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತಿದ್ದೆ. ಅಮೆರಿಕದ ಕಾಮಿಕ್ಸುಗಳು, ಯಾರ್ಯಾರೋ ಓದಿ ಬಿಟ್ಟದ್ದು, ಎಷ್ಟೋ ಸಲ ರಕ್ಷಾಪುಟವಿಲ್ಲದೆ ಸಿಗುತ್ತಿದ್ದವು. ಅಲ್ಲಿ ಸಿಕ್ಕವನೇ ಐರನ್ ಮ್ಯಾನ್.

ಮಕ್ಕಳೇ, ನೀವು ಸಿನಿಮಾದಲ್ಲಿ ನೋಡಿರುವ ಐರನ್ ಮ್ಯಾನ್‌ಗೂ ಅವನಿಗೂ ತುಂಬ ವ್ಯತ್ಯಾಸ. ಅವನು ಮೊದಲು ಬಂದದ್ದು 1963ರಲ್ಲಿ. ಸ್ಟಾನ್ ಲೀ ಕಲ್ಪಿಸಿ, ಅವರ ತಮ್ಮ ಲ್ಯಾರಿ ಲೀಬರ್ ಮಾತು ಬರೆದು, ಡಾನ್ ಹೆಕ್ ಚಿತ್ರ ಬರೆದ ಕಥೆ. ಟೋನಿ ಸ್ಟಾರ್ಕ್ ಎಂಬ ಆಯುಧ ತಯಾರಕ ವಿಯೆಟ್ನಾಂ ಕಾಡಿನಲ್ಲಿ ಬಾಂಬಿನ ಚೂರು ಎದೆಗೆ ಹೊಕ್ಕು ಸೆರೆ ಸಿಗುತ್ತಾನೆ. ಆ ಚೂರು ಹೃದಯದ ಕಡೆಗೆ ಸರಿಯುತ್ತಿದೆ. ಜೊತೆಯಲ್ಲಿ ಸೆರೆಯಲ್ಲಿರುವ ಮುದುಕ ವಿಜ್ಞಾನಿ ಪ್ರೊಫೆಸರ್ ಯಿನ್ಸೆನ್. ಇಬ್ಬರೂ ಸೇರಿ, ಹೃದಯವನ್ನು ಕಾಯುವ ಎದೆಕವಚ ಇರುವ ಒಂದು ಕಬ್ಬಿಣದ ಉಡುಪು ಮಾಡುತ್ತಾರೆ. ಮೊದಲಿಗೆ ಅದರ ಬಣ್ಣ ಕೆಂಪು, ಚಿನ್ನದ್ದಲ್ಲ, ನಮ್ಮ ಬ್ಯಾಂಕಿನ ಗಾಡ್ರೇಜ್ ಬೀರುವಿನ ಬೂದು ಬಣ್ಣ! ಜನ ಹೆದರಿ ಓಡುತ್ತಾರೆಂದು ಮುಂದಿನ ಸಂಚಿಕೆಯಲ್ಲಿ ಚಿನ್ನದ ಬಣ್ಣ ಬಳಿದುಕೊಳ್ಳುತ್ತಾನೆ. ಆಮೇಲೆ ಉಡುಪನ್ನು ಮಡಿಸಿ ಬ್ರೀಫ್‌ಕೇಸಿನಲ್ಲಿ ಇಟ್ಟುಕೊಂಡು ಓಡಾಡುತ್ತಾನೆ. ನಮ್ಮ ಮ್ಯಾನೇಜರ್ ಬ್ರೀಫ್‌ಕೇಸ್ ಹಿಡಿದು ಬಂದಾಗಲೆಲ್ಲ ಒಳಗೇನಿರಬಹುದು ಎಂದು ನನಗೆ ಕುತೂಹಲ. ಒಂದು ದಿನ ತೆರೆದಾಗ ಕಂಡದ್ದು ಮೊಸರನ್ನದ ಡಬ್ಬಿ.

ನಾನು ಅವನಿಗೆ ಮರುಳಾಗಲು ಕಾರಣ ಅವನ ಬಲವಲ್ಲ. ಅವನ ಬಲ ಖರ್ಚಾಗುತ್ತಿತ್ತು! ಹಾರಿ, ಹೊಡೆದಾಡಿ, ಗೋಡೆ ಕೆಡವಿ ಆದ ಮೇಲೆ ಚಾರ್ಜ್ ಇಳಿಯುತ್ತಿತ್ತು. ಚಾರ್ಜ್ ಪೂರ್ತಿ ಇಳಿದರೆ ಹೃದಯವೇ ನಿಲ್ಲುತ್ತದೆ. ಹಾಗಾಗಿ ಶೂರ ತೂರಾಡುತ್ತ ಒಂದು ರೂಮಿಗೆ ಬಂದು, ಗೋಡೆಯ ಪ್ಲಗ್ಗಿಗೆ ವೈರು ಸಿಕ್ಕಿಸಿ, ನೆಲದ ಮೇಲೆ ಒರಗಿ ಕೂರುತ್ತಿದ್ದ. ಜಮಾ ಇದ್ದಷ್ಟೇ ಖರ್ಚು. ಓವರ್‌ಡ್ರಾಫ್ಟ್ ಇಲ್ಲ. ಬ್ಯಾಂಕಿನವನಿಗೆ ಇದಕ್ಕಿಂತ ನಂಬಿಕೆಯ ಕಥೆ ಬೇಕೇ? ನಾನು ಅದನ್ನು ಓದಿದ್ದು ಕರೆಂಟು ಹೋದ ಒಂದು ರಾತ್ರಿ, ಬಾಡಿಗೆ ರೂಮಿನಲ್ಲಿ, ಮೇಣದ ಬತ್ತಿಯ ಬೆಳಕಿನಲ್ಲಿ. ಈ ಮಹಾಶಯ ಬೆಂಗಳೂರಿನಲ್ಲಿ ಇದ್ದಿದ್ದರೆ ಲೋಡ್ ಶೆಡ್ಡಿಂಗಿಗೇ ಸತ್ತಿರುತ್ತಿದ್ದ ಎಂದುಕೊಂಡು ಒಬ್ಬನೇ ನಕ್ಕಿದ್ದೆ.

ಸ್ಪೈಡರ್ ಮ್ಯಾನ್ ಇಷ್ಟವಾದದ್ದೂ ಇದೇ ಕಾರಣಕ್ಕೆ. 1962ರ ಕಾಮಿಕ್ಸಿನಲ್ಲಿ ಪೀಟರ್ ಪಾರ್ಕರ್ ಎಂಬ ಹೈಸ್ಕೂಲು ಹುಡುಗ ಬಲೆ ಎಸೆಯುವ ಉಪಕರಣವನ್ನೂ ಅದರ ಅಂಟು ದ್ರವವನ್ನೂ ತಾನೇ ತಯಾರಿಸಿ ಮಣಿಕಟ್ಟಿಗೆ ಕಟ್ಟಿಕೊಳ್ಳುತ್ತಾನೆ. ಜಗಳದ ಮಧ್ಯದಲ್ಲಿ ಅದು ಖಾಲಿಯೂ ಆಗುತ್ತದೆ. 2002ರ ಸಿನಿಮಾದವರು ಬಲೆ ಅವನ ಕೈಯಿಂದಲೇ ಬರುವಂತೆ ಮಾಡಿದರು. ಹುಡುಗ ಕಷ್ಟಪಟ್ಟು ಮಾಡಿದ್ದನ್ನು ಜೇಡ ಪುಕ್ಕಟೆ ಕೊಟ್ಟ ಹಾಗಾಯಿತು. ನನಗೆ ಇವತ್ತಿಗೂ ಅದರ ಮೇಲೆ ಸಿಟ್ಟಿದೆ.

ಐರನ್ ಮ್ಯಾನ್ ಕಥೆಯಲ್ಲಿ ಮಾತೆತ್ತಿದರೆ "ಟ್ರಾನ್ಸಿಸ್ಟರ್". ಅವನು ಹಾರುವುದೂ ಟ್ರಾನ್ಸಿಸ್ಟರಿನಿಂದ, ಎತ್ತುವುದೂ ಟ್ರಾನ್ಸಿಸ್ಟರಿನಿಂದ. ನಮಗಾದರೋ ಟ್ರಾನ್ಸಿಸ್ಟರ್ ಎಂದರೆ ರೇಡಿಯೋ. ಅದಕ್ಕೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಕ್ರಿಕೆಟ್ ಕಾಮೆಂಟರಿ ಕೇಳಿಸುವ ಡಬ್ಬಿ ಮನುಷ್ಯನನ್ನು ಹಾರಿಸುತ್ತದೆಯೇ ಎಂದು ಅನುಮಾನ. ಮೊಮ್ಮಗಳು ಈಚೆಗೆ ವಿಜ್ಞಾನದ ಪುಸ್ತಕ ತೆರೆದು, "ತಾತ, ಟ್ರಾನ್ಸಿಸ್ಟರ್ ಶಕ್ತಿ ಕೊಡಲ್ಲ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನ ಬಿಡೋದು, ತಡೆಯೋದು, ಅಷ್ಟೇ ಅದರ ಕೆಲಸ" ಎಂದಳು. ನನಗೆ ತಕ್ಷಣ ಹೊಳೆಯಿತು. ಅದು ಚೆಕ್ ಪಾಸು ಮಾಡುವ ಅಧಿಕಾರಿ! ಅವರ ಜೇಬಿನಿಂದ ಒಂದು ಪೈಸೆಯೂ ಬರುವುದಿಲ್ಲ. ಒಂದು ಪುಟ್ಟ ಸಹಿ ಹಾಕಿದರೆ ಕ್ಯಾಶ್ ಕೌಂಟರಿನಿಂದ ಲಕ್ಷ ರೂಪಾಯಿ ಹೊರಗೆ ಬರುತ್ತದೆ. ಸಹಿ ಹಾಕದಿದ್ದರೆ ಹಿತ್ತಾಳೆ ಟೋಕನ್ ಹಿಡಿದು ಸಂಜೆವರೆಗೆ ಕಾಯಬೇಕು. ಈ ಹೋಲಿಕೆಯನ್ನು ಅವಳು ಶಾಲೆಯಲ್ಲಿ ಹೇಳಿದಳಂತೆ. ಟೋಕನ್ ಎಂದರೇನು ಎಂದು ಟೀಚರೇ ಕೇಳಿದರಂತೆ.

ಎಂಬತ್ತರ ದಶಕದಲ್ಲಿ ನಮ್ಮ ಶಾಖೆಗೆ ಲೆಡ್ಜರ್ ಬರೆಯುವ ಯಂತ್ರ ಬರುತ್ತದೆ ಎಂದಾಗ ಯೂನಿಯನ್ನಿನ ಜೊತೆ ನಿಂತು "ಬೇಡ, ಬೇಡ" ಎಂದು ಕೂಗಿದವರಲ್ಲಿ ನಾನೂ ಒಬ್ಬ. ಸಂಜೆ ಮನೆಗೆ ಬಂದು ಓದುತ್ತಿದ್ದದ್ದು ಮಾತ್ರ ಟ್ರಾನ್ಸಿಸ್ಟರ್ ಮನುಷ್ಯನ ಕಥೆ.

ಇನ್ನು ಹೇಳಲು ಸಂಕೋಚವಾಗುವ ಭಾಗ. ನನ್ನ ಕಾಮಿಕ್ಸುಗಳೆಲ್ಲ ಮಂಚದ ಕೆಳಗೆ ತಗಡಿನ ಟ್ರಂಕಿನಲ್ಲಿ ಇದ್ದವು. ಮಗ ಎಸ್ಸೆಸ್ಸೆಲ್ಸಿಗೆ ಬಂದಾಗ, 1996ರಲ್ಲಿ, ಮಧ್ಯಾವಧಿ ಪರೀಕ್ಷೆಯ ಗಣಿತದಲ್ಲಿ ನೂರಕ್ಕೆ 41 ಬಂತು. ಅದೇ ವಾರ, ಪಠ್ಯಪುಸ್ತಕದ ನಡುವೆ ಐರನ್ ಮ್ಯಾನ್ ಇಟ್ಟುಕೊಂಡು ಓದುತ್ತಿದ್ದವನನ್ನು ಹಿಡಿದೆ. ಮರುದಿನ ಹಳೇ ಪೇಪರ್‌ನವನನ್ನು ಕರೆದು ಟ್ರಂಕನ್ನೇ ಬರಿದು ಮಾಡಿದೆ. ಹನ್ನೊಂದು ಕಿಲೋ ತೂಗಿತು. ತಕ್ಕಡಿಯ ಮುಳ್ಳು ಸರಿಯಾಗಿ ನಿಂತಿದೆಯೇ ಎಂದು ಬೇರೆ ಬಗ್ಗಿ ನೋಡಿದೆ. ಮಗ ಬಾಗಿಲ ಹತ್ತಿರ ನಿಂತಿದ್ದ. ಅಳಲಿಲ್ಲ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನಮ್ಮಪ್ಪ ಒಂದನ್ನು ಒಲೆಗೆ ಹಾಕಿದ್ದರು, ನಾನು ಹನ್ನೊಂದು ಕಿಲೋ ಮಾರಿದೆ. ಅವನು ಪಾಸಾದ, ಎಂಜಿನಿಯರಿಂಗ್ ಓದಿದ, ಕೆಲಸಕ್ಕೆ ಸೇರಿದ. ಆ ಟ್ರಂಕಿನ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲೇ ಇಲ್ಲ.

ಬಂದದ್ದು ಆಸ್ಪತ್ರೆಯಲ್ಲಿ, ಆಪರೇಷನ್ನಿನ ಹಿಂದಿನ ರಾತ್ರಿ.

ಸಂಜೆ ಮೊಮ್ಮಗಳು ಬಂದು ನನಗೆ ಧೈರ್ಯ ಹೇಳಲು ಒಂದು ನಿಜವಾದ ಕಥೆ ಹೇಳಿದ್ದಳು. ಸ್ವೀಡನ್ನಿನ ಆರ್ನೆ ಲಾರ್ಸನ್ ಎಂಬುವರಿಗೆ ದಿನಕ್ಕೆ ಹಲವಾರು ಸಲ ಹೃದಯ ತಡೆದು ಪ್ರಜ್ಞೆ ತಪ್ಪುತ್ತಿತ್ತಂತೆ. ಅವರ ಹೆಂಡತಿ ಬಿಡದೆ ಒತ್ತಾಯ ಮಾಡಿದ್ದರಿಂದ ಸೆನ್ನಿಂಗ್ ಎಂಬ ಸರ್ಜನ್ನರೂ ಎಲ್ಮ್‌ಕ್ವಿಸ್ಟ್ ಎಂಬ ಎಂಜಿನಿಯರೂ ಸೇರಿ 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮಿನಲ್ಲಿ ಅವರ ದೇಹದೊಳಗೇ ಪೇಸ್‌ಮೇಕರ್ ಇಟ್ಟರು. ಪೂರ್ತಿಯಾಗಿ ಮೈಯೊಳಗೆ ಇಟ್ಟದ್ದು ಜಗತ್ತಿನಲ್ಲಿ ಅದೇ ಮೊದಲು. ಅದರಲ್ಲಿ ಇದ್ದದ್ದು ಎರಡೇ ಟ್ರಾನ್ಸಿಸ್ಟರ್! ಅಂಟಿನೊಳಗೆ ಎರಕ ಹೊಯ್ಯಲು ಅಚ್ಚು ಬೇಕಲ್ಲ, ಕಿವೀ ಕಂಪನಿಯ ಬೂಟ್‌ಪಾಲಿಶ್ ಡಬ್ಬಿಯನ್ನೇ ಬಳಸಿದರಂತೆ. (ಹೃದಯದ ಯಂತ್ರಕ್ಕೆ ಕಿವಿಯ ಡಬ್ಬಿ!) ಬ್ಯಾಟರಿ ಇಳಿದರೆ ಚರ್ಮದ ಹೊರಗಿನಿಂದಲೇ ಚಾರ್ಜ್ ಮಾಡಬೇಕಿತ್ತು. ಮೊದಲನೆಯದು ಕೆಲವೇ ಗಂಟೆ ನಡೆದು ನಿಂತಿತು, ಇನ್ನೊಂದು ಹಾಕಿದರು. ಹೀಗೆ ಒಂದಾದ ಮೇಲೊಂದರಂತೆ 26 ಪೇಸ್‌ಮೇಕರ್ ಬಳಸಿ, ಆ ಸರ್ಜನ್ನರಿಗಿಂತಲೂ ಎಂಜಿನಿಯರರಿಗಿಂತಲೂ ಹೆಚ್ಚು ಕಾಲ ಬದುಕಿ, 2001ರಲ್ಲಿ 86ನೇ ವಯಸ್ಸಿನಲ್ಲಿ ಲಾರ್ಸನ್ ತೀರಿಕೊಂಡರು. ಟೋನಿ ಸ್ಟಾರ್ಕ್ ಕಾಗದದ ಮೇಲೆ ಹುಟ್ಟುವುದಕ್ಕೆ ಐದು ವರ್ಷ ಮೊದಲೇ ನಿಜವಾದ ಒಬ್ಬ ಮನುಷ್ಯ ಎದೆಯಲ್ಲಿ ಟ್ರಾನ್ಸಿಸ್ಟರ್ ಇಟ್ಟುಕೊಂಡು, ಚಾರ್ಜ್ ಮಾಡಿಸಿಕೊಂಡು ಓಡಾಡುತ್ತಿದ್ದ.

ರಾತ್ರಿ ಮಗ ನನ್ನ ಪಕ್ಕದ ಬೆಂಚಿನ ಮೇಲೆ ಮಲಗಿದ್ದ. ನನಗೆ ನಿದ್ದೆ ಬರಲಿಲ್ಲ. ಭಯವಾಗುತ್ತಿತ್ತು, ನಿಜ ಹೇಳಬೇಕಲ್ಲ. ಮೇಲಿನ ಪರದೆಯಲ್ಲಿ 38, 36, 39 ಎಂದು ಅಂಕಿ ಬದಲಾಗುತ್ತಿತ್ತು. ಜೀವಮಾನವೆಲ್ಲ ಅಂಕಿ ಕೂಡಿಸಿದವನಿಗೆ ಅದನ್ನು ನೋಡದೆ ಇರಲೂ ಆಗುವುದಿಲ್ಲ. ಒಂದು ಗಂಟೆಯ ಹೊತ್ತಿಗೆ ಕತ್ತಲಲ್ಲಿ ಅವನ ದನಿ ಬಂತು.

"ಅಪ್ಪ, ಎದ್ದಿದೀರಾ?"

"ಹೂಂ."

"ಅವತ್ತು ನೀವು ಪುಸ್ತಕ ಕಿತ್ಕೊಂಡಾಗ ನಾನು ಕೊನೇ ನಾಲ್ಕು ಪುಟ ಓದಿರಲಿಲ್ಲ. ಸಿನಿಮಾ ಏನೋ ನೋಡಿದೆ, ಅದರಲ್ಲಿ ಎಲ್ಲಾ ಬದಲಾಯಿಸಿದಾರೆ. ಪುಸ್ತಕದಲ್ಲಿ ಆ ಮುದುಕ ಪ್ರೊಫೆಸರು ಏನಾದ್ರು?"

ಇಪ್ಪತ್ತೆಂಟು ವರ್ಷ ಕಾದಿದ್ದಾನೆ ಹುಡುಗ. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ. ಉಡುಪು ತೊಟ್ಟಾಯಿತು, ಆದರೆ ಅದು ಚಾರ್ಜ್ ಆಗಲು ಇನ್ನೂ ಸ್ವಲ್ಪ ಹೊತ್ತು ಬೇಕು. ಶತ್ರುಗಳ ಹೆಜ್ಜೆ ಸಪ್ಪಳ ಬಾಗಿಲಿನವರೆಗೆ ಬಂದಿದೆ. ಸ್ಟಾರ್ಕ್ ಮಲಗಿದಲ್ಲೇ ಇದ್ದಾನೆ, ಅಲುಗಾಡುವ ಹಾಗಿಲ್ಲ. ಆಗ ಆ ಮುದುಕ ಕೂಗಾಡುತ್ತ ಹೊರಗೆ ಓಡುತ್ತಾನೆ. ಅವರೆಲ್ಲ ಅವನ ಹಿಂದೆ ಹೋಗಲಿ, ಇವನಿಗೆ ಎರಡು ನಿಮಿಷ ಸಿಗಲಿ ಎಂದು. ಅವನನ್ನು ಗುಂಡಿಟ್ಟು ಕೊಲ್ಲುತ್ತಾರೆ. ಅಷ್ಟರಲ್ಲಿ ಚಾರ್ಜ್ ಆಗುತ್ತದೆ.

ಹೇಳುತ್ತ ಹೇಳುತ್ತ ನನಗೇ ಆಶ್ಚರ್ಯ. ಇಪ್ಪತ್ನಾಲ್ಕರ ವಯಸ್ಸಿನಲ್ಲಿ ಓದಿದಾಗ ನಾನು ಉಡುಪನ್ನು ನೋಡಿದ್ದೆ, ಪ್ಲಗ್ಗನ್ನು ನೋಡಿದ್ದೆ. ಮುದುಕನಿಗೆ ಎರಡು ಚೌಕಟ್ಟು ಮಾತ್ರ, ಅವನನ್ನು ದಾಟಿ ಪುಟ ತಿರುಗಿಸಿದ್ದೆ.

"ಟ್ರಂಕು ಮಾರಬಾರದಾಗಿತ್ತು ಕಣೋ" ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹನ್ನೊಂದು ಕಿಲೋ ಅಲ್ಲಪ್ಪ, ಹನ್ನೆರಡು ಇತ್ತು. ತಕ್ಕಡಿಯವನು ಮೋಸ ಮಾಡಿದ. ನಾನು ಮೊದಲೇ ಬಚ್ಚಲಿನ ತೂಕದ ಯಂತ್ರದಲ್ಲಿ ತೂಗಿದ್ದೆ" ಎಂದ. ಇಬ್ಬರೂ ನಕ್ಕೆವು. ನರ್ಸಮ್ಮ ಬಂದು ಗದರಿಸಿ ಹೋದರು.

ಆಪರೇಷನ್ ಎಂದರೆ ಅಷ್ಟೇನೂ ಇಲ್ಲ. ಎಡ ಭುಜದ ಕೆಳಗೆ ಮರಗಟ್ಟಿಸಿ, ಚಿಕ್ಕ ಜೇಬಿನಂತೆ ಕುಯ್ದು, ರಕ್ತನಾಳದೊಳಗಿನಿಂದ ಹೃದಯಕ್ಕೆ ತಂತಿ ಇಳಿಸಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಯಂತ್ರವನ್ನು ಜೇಬಿನಲ್ಲಿ ಇಟ್ಟು ಹೊಲಿದರು. ನಾನು ಎಚ್ಚರವಾಗಿಯೇ ಇದ್ದೆ. ಪರದೆಯ ಅಂಕಿ 60ಕ್ಕೆ ಏರಿ ಅಲ್ಲೇ ನಿಂತದ್ದನ್ನು ಕಣ್ಣಾರೆ ನೋಡಿದೆ. ಇದಕ್ಕೆ ಪ್ಲಗ್ ಬೇಕಿಲ್ಲ, ಲಿಥಿಯಂ ಬ್ಯಾಟರಿ. ಹೃದಯ ತಾನಾಗಿ ಬಡಿದರೆ ಇದು ಸುಮ್ಮನಿರುತ್ತದೆ. ತಡಮಾಡಿದರೆ ಮಾತ್ರ ಒಂದು ಸಣ್ಣ ಸಹಿ ಹಾಕುತ್ತದೆ.

ಹೋದ ತಿಂಗಳು ತಪಾಸಣೆಗೆ ಹೋಗಿದ್ದೆವು. ಎದೆಯ ಮೇಲೆ ಒಂದು ಉಪಕರಣ ಇಟ್ಟರೆ ಒಳಗಿನ ಲೆಕ್ಕವೆಲ್ಲ ಪರದೆಗೆ ಬರುತ್ತದೆ. ಪಾಸ್‌ಬುಕ್ ಎಂಟ್ರಿ ಹಾಕಿಸಿದ ಹಾಗೆ. ಬ್ಯಾಟರಿ ಇನ್ನೂ ಒಂಬತ್ತು ವರ್ಷ ಬರುತ್ತದಂತೆ. ಮೊಮ್ಮಗಳು ಬೆರಳು ಮಡಿಸಿ ಎಣಿಸಿ, "ಅಷ್ಟರಲ್ಲಿ ನನ್ನ ಎಂಜಿನಿಯರಿಂಗ್ ಮುಗಿದಿರುತ್ತೆ ತಾತ, ಮುಂದಿನದು ನಾನೇ ಮಾಡಿಕೊಡ್ತೀನಿ" ಎಂದಳು.

"ಬಣ್ಣ ಬೂದು ಬೇಡ, ಚಿನ್ನದ್ದು ಹಾಕು" ಎಂದೆ.

"ಬಣ್ಣ ಆಮೇಲೆ ನೋಡ್ಕೊಳಿ" ಎಂದಳು ನನ್ನಾಕೆ. "ಮೊದಲು ಆ ಮೊಬೈಲನ್ನ ಎಡಗಡೆ ಜೇಬಿಂದ ತೆಗೀರಿ. ಡಾಕ್ಟರು ಎಷ್ಟು ಸಲ ಹೇಳ್ಬೇಕು ನಿಮಗೆ?"