ನಕ್ಷತ್ರದ ತೊಟ್ಟಿಲಿನ ಧೂಳು

ನಾವು ಈ ಶಾಲೆಯ ವಸತಿಗೃಹದಲ್ಲಿದ್ದಾಗ ಶನಿವಾರದ ಮುಂಜಾನೆ ಗುಡಿಸುವ ಸರದಿ ನಮ್ಮದಾಗಿತ್ತು. ಮಂಚದ ಕೆಳಗೆ ಧೂಳು ಉಳಿದಿದ್ದರೆ ಮೇಲ್ವಿಚಾರಕಿಯಮ್ಮನವರು ಸಿಟ್ಟಾಗದೆ ಪೊರಕೆಯನ್ನು ಮತ್ತೊಮ್ಮೆ ನಮ್ಮ ಕೈಗೆ ಕೊಡುತ್ತಿದ್ದರು. ಅಂಥ ಧೂಳನ್ನೇ ಮುಂದೆ ಆಕಾಶದಲ್ಲಿ ಅರಸುತ್ತ ಜೀವಮಾನವನ್ನು ಕಳೆಯುವೆವೆಂದು ನಾವು ಆಗ ನೆನಸಿರಲಿಲ್ಲ.

ಮಹಾವ್ಯಾಧನ ಖಡ್ಗದಲ್ಲಿ ಮಸುಕಾಗಿ ತೋರುವ ನೀಹಾರಿಕೆಯನ್ನು ಚಳಿಗಾಲದ ರಾತ್ರಿಯಲ್ಲಿ ನೀವು ನೋಡಿರಬಹುದು. ಅದು ಸುಮಾರು 1,350 ಜ್ಯೋತಿರ್ವರ್ಷಗಳ ದೂರದಲ್ಲಿರುವದು. ಅದರ ಹಿಂದಿರುವ ದಟ್ಟವಾದ ಮೇಘದಲ್ಲಿ ಸೂರ್ಯನ ಎಂಟರಷ್ಟಕ್ಕೂ ಮಿಗಿಲಾದ ತೂಕವುಳ್ಳ ನಕ್ಷತ್ರಗಳು ಹುಟ್ಟುವವು. ಸುತ್ತಣ ಧೂಳು ಅವುಗಳ ಬೆಳಕನ್ನು ನುಂಗುವದರಿಂದ ಅವು ಕಣ್ಣಿಗೆ ಕಾಣವು. ಆದರೆ ನುಂಗಿದ ಧೂಳು ತಾನೇ ಬೆಚ್ಚಗಾಗಿ, ಆ ಶಾಖವನ್ನು ಉದ್ದವಾದ ಅಲೆಗಳಾಗಿ ಹೊರಸೂಸುವದು. 1967ರಲ್ಲಿ ಕ್ಲೈನ್‌ಮನ್, ಲೋ ಎಂಬ ವಿದ್ವಾಂಸರು 22 ಮೈಕ್ರಾನ್ ಉದ್ದದ ಅಲೆಗಳಲ್ಲಿ ಅಲ್ಲಿಯ ಶಾಖವನ್ನು ಕಂಡು ತಿಳಿಸಿದರು. ಈಗ ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ, ಸುಮಾರು 5,000 ಮೀಟರ್ ಎತ್ತರದಲ್ಲಿ, ಆಲ್ಮಾ ದೂರದರ್ಶಕದ 66 ಆಂಟೆನಾಗಳು ಮಿಲಿಮೀಟರ್ ಅಲೆಗಳನ್ನು ಹಿಡಿಯುತ್ತಿವೆ. ಆ ಅಲೆಗಳು ಧೂಳನ್ನು ಬಹುಮಟ್ಟಿಗೆ ತೂರಿ ಬರುವದರಿಂದ, ಅವುಗಳ ಬಲವನ್ನೂ ಧೂಳಿನ ಗುಣ, ಉಷ್ಣತೆಗಳನ್ನೂ ದೂರವನ್ನೂ ಬಲ್ಲವರು ಆ ಧೂಳನ್ನು ಇಲ್ಲಿಂದಲೇ ತೂಗಬಹುದು. ಧೂಳಿನ ನೂರರಷ್ಟು ಅನಿಲವು ಅದರೊಡನೆ ಇರುವದೆಂದು ಎಣಿಸುವ ವಾಡಿಕೆಯುಂಟು. ಆದಕಾರಣ ಧೂಳಿನ ತೂಕದಲ್ಲಿ ತಪ್ಪಿದರೆ ಮೇಘದ ತೂಕವೇ ತಪ್ಪುವದು.

ಇಂಥ ಒಂದು ಮೇಘವನ್ನು ತೂಗುವಾಗ ನಾವೇ ತಪ್ಪಿದೆವು. ಭಾರಿ ನಕ್ಷತ್ರದ ಕಿರಣಗಳಿಂದ ಸುತ್ತಲಿನ ಅನಿಲವು ಅಯಾನುಗಳಾಗಿ ಒಡೆದು, ತಾನೂ ಮಿಲಿಮೀಟರ್ ಅಲೆಗಳನ್ನು ಸೂಸುವದು. ನಾವು ಅದನ್ನು ಕಳೆಯದೆ ಬಂದದ್ದೆಲ್ಲವನ್ನೂ ಧೂಳೆಂದು ಎಣಿಸಿದ್ದೆವು. ಸೆಂಟಿಮೀಟರ್ ಅಲೆಗಳಲ್ಲಾದರೋ ಧೂಳು ತೀರ ಮಂಕು, ಅನಿಲವೇ ಪ್ರಧಾನ. ಆ ಅಲೆಗಳಲ್ಲಿ ಅಳೆದು ಅನಿಲದ ಪಾಲನ್ನು ಕಳೆಯಲು, ನಾವು ಹೇಳಿದ ಧೂಳಿನಲ್ಲಿ ಅರ್ಧವೂ ಉಳಿಯಲಿಲ್ಲ. ಲೇಖನವು ಅಚ್ಚಿಗೆ ಹೋಗುವದರಲ್ಲಿತ್ತು. ಸುಮ್ಮನಿದ್ದರೆ ಯಾರು ಬಲ್ಲರೆಂಬ ಯೋಚನೆಯು ಒಂದು ರಾತ್ರಿಯೆಲ್ಲಾ ನಮ್ಮನ್ನು ಕಾಡಿತು. ಬೆಳಗಾಗುವಾಗ ಆ ಮಂಚದ ಕೆಳಗಿನ ಧೂಳು ನೆನಪಿಗೆ ಬಂತು. ಲೇಖನವನ್ನು ಹಿಂತೆಗೆದುಕೊಂಡು, ಎರಡು ವರ್ಷ ದುಡಿದು ಪುನಃ ಬರೆದೆವು.

2019ರಲ್ಲಿ ಮಹಾವ್ಯಾಧನ ಆ ಮೇಘದೊಳಗಿನ ಎಳೆಯ ನಕ್ಷತ್ರವೊಂದರ ಸುತ್ತಣ ತಟ್ಟೆಯಲ್ಲಿ ಅಡಿಗೆಯ ಉಪ್ಪಿನ ಆವಿಯು ಆಲ್ಮಾಕ್ಕೆ ಕಂಡುಬಂದಿತು. ಉಪ್ಪು ಅಲ್ಲಿಯೂ ಉಂಟೆಂದು ಓದಿದಾಗ ನಮಗೆ ಈ ಶಾಲೆಯ ಅಡಿಗೆಮನೆಯೇ ಕಣ್ಣಮುಂದೆ ನಿಂತಿತು. ತಂಗಿಯರೇ, ಗುಡಿಸುವ ಸರದಿಯನ್ನು ನೀವು ಹಗುರವೆಂದು ಎಣಿಸಬೇಡಿರಿ. ಯಾರೂ ನೋಡದ ಮೂಲೆಯನ್ನು ಎರಡನೆಯ ಸಾರಿ ಗುಡಿಸುವದನ್ನು ನಾವು ಇಲ್ಲಿಯೇ ಕಲಿತೆವು.