ಕರಿ ಡಬ್ಬಿಯ ಬೆಳ್ಳಿ ಬಳ್ಳಿ

ದಸರೆಗೆ ಮುಂಚೆ ಗೋಕಾಕದ ನಮ್ಮ ಮನೆಯಲ್ಲಿ ಭಾಂಡೆ ತಿಕ್ಕುವ ಗಡಿಬಿಡಿ. ಮೂಡಲಗಿಯಿಂದ ರಜೆಗೆ ಬಂದಿದ್ದ ಮೊಮ್ಮಗಳು ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಂಬಿಗೆಗಳನ್ನೆಲ್ಲ ಫಳಫಳ ಮಾಡಿದಳು. ಕೊನೆಗೆ ನನ್ನವ್ವನ ಅಡಕೆ ಡಬ್ಬಿ ಎತ್ತಿಕೊಂಡಳು.

"ಅಜ್ಜಾ, ಇದು ಎಷ್ಟ ಕರ್ರಗಾಗೇತಿ ನೋಡು!"

"ಬ್ಯಾಡವ್ವಾ, ಅದಕ್ಕ ಹುಳಿ ಹಚ್ಚಬ್ಯಾಡ! ಅದರ ಬಣ್ಣಾನ ಕರಿ."

"ಹಂಗಾರ ಈ ಬದಿ ಯಾಕ ಬೂದಿ ಬಣ್ಣ ಐತಿ?"

ಹೇಳದೆ ವಿಧಿಯಿರಲಿಲ್ಲ. ಅವ್ವ ತೀರಿಕೊಂಡ ವರ್ಷ, ಕೊಳೆಯೆಂದು ತಿಳಿದು ಆ ಬದಿಯನ್ನು ನಾನೇ ಹುಣಸೆಹಣ್ಣಿನಿಂದ ತಿಕ್ಕಿದ್ದೆ. ಮುಂದೆ ಬೀದರಿಗೆ ಹೋದಾಗ ನನ್ನ ತಪ್ಪು ತಿಳಿಯಿತು.

ಮರುದಿನ ಅವಳನ್ನು ಹುಕ್ಕೇರಿಗೆ ಕರೆದುಕೊಂಡು ಹೋದೆ. ಅಲ್ಲಿ ಆದಿಲ್‌ಶಾಹಿ ಕಾಲದ ಗುಮ್ಮಟಗಳಿವೆ. ಅವುಗಳ ನೆರಳಲ್ಲಿ ಕುಳಿತು ಡಬ್ಬಿಯ ಕಥೆ ಹೇಳಿದೆ.

ವಿಜಾಪುರದ ಆದಿಲ್‌ಶಾಹಿಗಳಿಗಿಂತ ಮೊದಲು ಈ ಸೀಮೆಯನ್ನು ಆಳಿದವರು ಬಹಮನಿ ಸುಲ್ತಾನರು. 15ನೇ ಶತಮಾನದಲ್ಲಿ ಬೀದರ ಅವರ ರಾಜಧಾನಿಯಾಯಿತು. ಲೋಹವನ್ನು ಕೊರೆದು ಬೆಳ್ಳಿ ಕೂಡಿಸುವ ಜಾಣ್ಮೆ ಇರಾನ್, ಇರಾಕ್ ಕಡೆ ಮೊದಲೇ ಇತ್ತು. ಇರಾಕಿನ ಮೋಸುಲ್ ಪಟ್ಟಣದಲ್ಲಿ 1232ರಲ್ಲಿ ಮಾಡಿದ ಹಿತ್ತಾಳೆಯ ಹೂಜಿಯೊಂದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಮಾಡಿದಾತ ಶುಜಾ. ತನ್ನ ಹೆಸರನ್ನೂ ಊರನ್ನೂ ಅದರ ಮೇಲೆಯೇ ಬರೆದಿದ್ದಾನೆ. ಆ ಕಡೆಯ ವಿದ್ಯೆ ಬಹಮನಿಗಳ ಕಾಲದಲ್ಲಿ ಬೀದರಿಗೆ ಬಂದು ಬಿದರಿ ಕಲೆಯಾಯಿತೆನ್ನುತ್ತಾರೆ.

ಬಿದರಿಯವರು ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ನಯ ಮಾಡಿದ ಮೈಗೆ ಮೈಲುತುತ್ತದ ನೀರು ಸವರಿದರೆ ಅದು ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಅದರ ಮೇಲೆ ಹೂಬಳ್ಳಿ ಗೀಚಿ, ಉಳಿಯಿಂದ ಕೊರೆದು, ಆ ಗೆರೆಯೊಳಗೆ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ಬಡಿಯುತ್ತಾರೆ. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಕೂಡಿಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ಸತು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಆ ಕಪ್ಪನ್ನೇ ನಾನು ಹುಳಿಯಿಂದ ತೆಗೆದುಬಿಟ್ಟಿದ್ದೆ!

2006ರಲ್ಲಿ ಬಿದರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು.

ಮನೆಗೆ ಬಂದು ಮೆತ್ತನೆ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದೆವು. ಕಪ್ಪಿನ ಮೇಲೆ ಬಳ್ಳಿ ಎದ್ದು ಕಂಡಿತು. ಬೂದಿ ಬಣ್ಣದ ಬದಿ ಮಾತ್ರ ಹಾಗೇ ಉಳಿಯಿತು.

"ಇರ್ಲಿ ಬಿಡಜ್ಜಾ, ಒಳಗ ಅಡಕಿ ಹಾಕಿಡೂಣು" ಅಂದಳು ಮೊಮ್ಮಗಳು.

ಮಕ್ಕಳೇ, ನಿಮ್ಮ ಮನೆಯಲ್ಲೂ ಕರಿ ಡಬ್ಬಿ ಇದ್ದೀತು. ತಿಕ್ಕುವ ಮೊದಲು, ಮೋಡಕಾದವನಿಗೆ ಹಾಕುವ ಮೊದಲು, ಅಜ್ಜ-ಅಜ್ಜಿಯನ್ನು ಒಂದು ಮಾತು ಕೇಳಿ.